ಲೈನಿನ ಕಂಪ್ಯೂಟರ್

ವನಜಮ್ಮ ಸುಳ್ಳು ಹೇಳುತ್ತಿದ್ದಾರೆ ಎಂದು ಕಂಪನಿ ತೀರ್ಮಾನಿಸಿದ್ದು ಒಂದು ಹಾಳೆಯನ್ನು ನೋಡಿ. ಆ ಹಾಳೆಯನ್ನು ತೆಗೆದುಕೊಟ್ಟವಳು ರಂಜಿತಾ.

ಕೊಡುವಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಕಾಫಿ ಕಂಪನಿಯ ಮಡಿಕೇರಿ ಹೆಡ್ಡಾಫೀಸಿನಲ್ಲಿ ಕಂಪ್ಯೂಟರಿನ ಹೆಸರು ಹೇಳಿಕೊಂಡು ಬರುವ ತಲೆನೋವುಗಳೆಲ್ಲ ಅವಳ ಪಾಲಿನವೇ. ಯಾರೋ ಪಾಸ್‌ವರ್ಡ್ ಮರೆತರೂ ಅವಳು, ಪ್ರಿಂಟರಿಗೆ ಕಾಗದ ಸಿಕ್ಕಿಕೊಂಡರೂ ಅವಳು, ವಿಡಿಯೋ ಮೀಟಿಂಗಿನಲ್ಲಿ ಸಾಹೇಬರ ಧ್ವನಿ ಕೇಳದಿದ್ದರೂ ಅವಳೇ. ಪಾಲಿಬೆಟ್ಟ ಎಸ್ಟೇಟಿನ ಮ್ಯಾನೇಜರ್ ಕುಶಾಲಪ್ಪ ಜನವರಿ ಹದಿನೈದರಂದು ಫೋನ್ ಮಾಡಿ, "ನಮ್ಮ ಡಿಸ್ಪೆನ್ಸರಿ ನರ್ಸ್ ಹದಿಮೂರನೇ ತಾರೀಕು ಎಷ್ಟ್ ಗಂಟೆಗೆ ಲಾಗಿನ್ ಆಗಿದ್ದಾರೆ, ಒಂದು ರಿಪೋರ್ಟ್ ಕಳ್ಸಿ. ಅರ್ಜೆಂಟ್" ಎಂದಾಗ ಎರಡೇ ನಿಮಿಷದಲ್ಲಿ ಕಳಿಸಿಕೊಟ್ಟಳು. ಮೂರು ಕಾಲಮ್ಮು: ಹೆಸರು, ವೇಳೆ, ಲಾಗಿನ್ ಸರ್ವರ್. ಅದರಲ್ಲಿ ಇದ್ದದ್ದು ಇಷ್ಟು: ವನಜಮ್ಮ, 8.31, ಕೊಡ್ಲಿಪೇಟೆ. ಕಳಿಸಿ ಕಾಫಿಗೆ ಎದ್ದು ಹೋದಳು.

ಹದಿಮೂರನೇ ತಾರೀಕು ಬೆಳಿಗ್ಗೆ ಪಾಲಿಬೆಟ್ಟದಲ್ಲಿ ಚಿನ್ನ ಎಂಬ ಕೆಲಸಗಾರ ಸತ್ತಿದ್ದ. ಎಂಟು ಗಂಟೆಗೆ ಕಾಫಿ ಹಣ್ಣಿನ ಪಿಕಿಂಗಿಗೆ ಹೋದವನು ಅರ್ಧ ಗಂಟೆಯೊಳಗೆ ಎದೆ ಹಿಡಿದುಕೊಂಡು ಗಿಡದ ಬುಡದಲ್ಲಿ ಕುಳಿತನಂತೆ. ಹೆಂಡತಿ ಬೊಳ್ಳಿ ಅವನನ್ನು ಹೆಗಲಿಗೆ ಆನಿಸಿಕೊಂಡು ಡಿಸ್ಪೆನ್ಸರಿಗೆ ಕರೆತಂದಳು. ಬಾಗಿಲಿಗೆ ಬೀಗ. ಬಡಿದಳು, ಕೂಗಿದಳು, ಮೆಟ್ಟಿಲ ಮೇಲೆ ಕೂರಿಸಿಕೊಂಡು ಕಾದಳು. ಕೊನೆಗೆ ಬೆರ್ರಿ ಸಾಗಿಸುವ ಜೀಪು ಆ ದಾರಿಯಲ್ಲಿ ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಚಿನ್ನ ಹೋಗಿಬಿಟ್ಟ. ನಲವತ್ತಾರು ವರ್ಷ.

ಡಿಸ್ಪೆನ್ಸರಿಯ ನರ್ಸ್ ವನಜಮ್ಮ ಹೇಳಿದ್ದು ಬೇರೆ. ಎಂದಿನಂತೆ ಎಂಟೂವರೆಗೆ ಬಂದು ಬಾಗಿಲು ತೆರೆದು ಕಂಪ್ಯೂಟರ್ ಹಾಕಿದೆ, ಆರನೇ ಲೈನಿನ ಅಜ್ಜಿಯ ಕಾಲಿನ ಹುಣ್ಣಿಗೆ ಬ್ಯಾಂಡೇಜು ಬದಲಾಯಿಸಲು ಹೋದೆ, ವಾಪಸ್ ಬಂದಾಗ ಅಂಗಳದಲ್ಲಿ ಯಾರೂ ಇರಲಿಲ್ಲ ಎಂದರು. ಸಾಕ್ಷಿ ಯಾರು? ಪಿಕಿಂಗ್ ಕಾಲದಲ್ಲಿ ಆ ಹೊತ್ತಿಗೆ ಲೈನುಗಳಲ್ಲಿ ನಾಯಿ ಕೋಳಿ ಬಿಟ್ಟರೆ ಯಾರಿರುತ್ತಾರೆ? ಅಜ್ಜಿಗೆ ನಿನ್ನೆಯೂ ಒಂದೇ, ಹತ್ತು ವರ್ಷದ ಹಿಂದೆಯೂ ಒಂದೇ. ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಉತ್ತಯ್ಯ ಸುದ್ದಿ ಹೇಳಲು ಹನ್ನೊಂದೂವರೆಗೆ ಹೋದಾಗ ವನಜಮ್ಮ ಡಿಸ್ಪೆನ್ಸರಿಯಲ್ಲಿ ಇದ್ದರು. ಅದಕ್ಕೂ ಮೊದಲು ಅವರನ್ನು ಕಂಡವರಿಲ್ಲ.

ಹಾಜರಿ ಪುಸ್ತಕದಲ್ಲಿ ಸಹಿ ಇತ್ತು. ಸಹಿಯನ್ನು ಯಾವಾಗ ಬೇಕಾದರೂ ಹಾಕಬಹುದು ಎಂದರು ಕುಶಾಲಪ್ಪ. ಅಷ್ಟರಲ್ಲಿ ರಂಜಿತಾಳ ಹಾಳೆ ಬಂತು. ಕೊಡ್ಲಿಪೇಟೆ! ವನಜಮ್ಮನ ಮಗಳನ್ನು ಕೊಟ್ಟಿರುವುದು ಕೊಡ್ಲಿಪೇಟೆಗೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟುಬರಲು ಹಿಂದಿನ ದಿನ ಭಾನುವಾರ ಅವರು ಅಲ್ಲಿಗೆ ಹೋದದ್ದು ಎಲ್ಲರಿಗೂ ಗೊತ್ತು. ಅಲ್ಲಿನ ಕಂಪನಿ ಡಿಪೋ ನೋಡಿಕೊಳ್ಳುವ ಚೆನ್ನಯ್ಯ ಅವರ ಅಳಿಯನ ಚಿಕ್ಕಪ್ಪ. ರಾತ್ರಿ ಮಗಳ ಮನೆಯಲ್ಲೇ ಉಳಿದು, ಬೆಳಿಗ್ಗೆ ಡಿಪೋದ ಕಂಪ್ಯೂಟರಿನಲ್ಲಿ ಲಾಗಿನ್ ಆಗಿ ಹಾಜರಿ ತೋರಿಸಿ, ಹನ್ನೊಂದರ ಹೊತ್ತಿಗೆ ಬಂದಿಳಿದಿದ್ದಾರೆ ಎಂದು ಲೆಕ್ಕ ಕೂಡಿತು. ನರ್ಸಮ್ಮ ಡಿಪೋಗೆ ಕಾಲಿಟ್ಟೇ ಇಲ್ಲ ಎಂದು ಚೆನ್ನಯ್ಯ ಆಣೆ ಇಟ್ಟು ಹೇಳಿದ. ಸಂಬಂಧಿಕನ ಆಣೆಗೆ ಆಫೀಸುಗಳಲ್ಲಿ ಬೆಲೆ ಎಲ್ಲಿದೆ! ವನಜಮ್ಮ ಸಸ್ಪೆಂಡ್ ಆದರು.

ಇಷ್ಟೆಲ್ಲ ರಂಜಿತಾಳಿಗೆ ತಿಳಿದದ್ದು ಜನವರಿ ಇಪ್ಪತ್ತನಾಲ್ಕರಂದು, ವನಜಮ್ಮ ಸಸ್ಪೆನ್ಷನ್ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಮಡಿಕೇರಿಯ ಆಫೀಸಿಗೆ ಬಂದು ಅವಳ ಮುಂದೆ ನಿಂತಾಗ. ಐವತ್ತೈದು ದಾಟಿದ, ಕೂದಲನ್ನು ಬಿಗಿಯಾಗಿ ಗಂಟು ಹಾಕಿದ ಹೆಂಗಸು. ರಂಜಿತಾ ಇಷ್ಟು ವರ್ಷ ಫೋನಿನಲ್ಲಿ ಆ ಧ್ವನಿ ಮಾತ್ರ ಕೇಳಿದ್ದಳು.

"ನೀನೇ ಏನವ್ವ ಆ ರಿಪೋರ್ಟ್ ಕೊಟ್ಟೋಳು?"

"ಹೌದಮ್ಮ. ಕೂತ್ಕೊಳಿ."

ವನಜಮ್ಮ ಕೂರಲಿಲ್ಲ. "ಭಾನ್ವಾರ ಸಾಯಂಕಾಲದ್ ಬಸ್ಸಿಗೇ ನಾನು ವಾಪಸ್ ಬಂದಿದೀನಿ. ಟಿಕೆಟ್ ತೋರ್ಸಿ ಅಂತಾರೆ. ಹೆಂಗಸ್ರ ಫ್ರೀ ಟಿಕೇಟ್ನ ಯಾರವ್ವ ಜೋಪಾನ ಮಾಡ್ತಾರೆ? ಪಾಲಿಬೆಟ್ಟದಲ್ ಕೂತು ಒತ್ತಿದ್ರೆ ನಿನ್ ಕಂಪ್ಯೂಟ್ರು ಕೊಡ್ಲಿಪೇಟೆ ಅಂತ ಯಾಕಂತು? ನಂಗೆ ಅದೊಂದ್ ಹೇಳು ಸಾಕು."

"ನೋಡ್ತೀನಮ್ಮ."

"ಚಿನ್ನ ಹೋದಾಗಿಂದ ನಂಗೆ ತುತ್ತು ಗಂಟಲಲ್ಲಿ ಇಳೀತಿಲ್ಲ. ಅವನ ಇಬ್ರೂ ಮಕ್ಳು ಹುಟ್ಟಿದ್ದು ಈ ಕೈಯಲ್ಲಿ. ಕೆಲ್ಸ ಹೋದ್ರೆ ಹೋಗ್ಲಿ, ಮಗಳ ಮನೇಲಿ ಬಿದ್ದಿರ್ತೀನಿ. ಆದ್ರೆ ಊರಲ್ಲೇ ಇರ್ಲಿಲ್ಲ, ಇದ್ದೆ ಅಂತ ಸುಳ್ ಹೇಳಿದ್ಲು ಅಂತಾರಲ್ಲ, ಅದನ್ನ ಹೊತ್ಕೊಂಡು ನಾನು ಆ ಲೈನ್ ಬಿಟ್ ಹೋಗಲ್ಲ." ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಆ ಹಾಳು ಕಂಪ್ಯೂಟ್ರು ಮೊದ್ಲಿಂದ್ಲೂ ಹಂಗೇ. ಲೈನ್ ಸ್ಲೋ, ಲೈನ್ ಸ್ಲೋ ಅಂತ ನಿಂಗೇ ಎಷ್ಟ್ ಸಲ ಫೋನ್ ಮಾಡಿಲ್ಲ ನಾನು?"

ಮಾಡಿದ್ದರು. ರಂಜಿತಾಳಿಗೆ ಚೆನ್ನಾಗಿ ನೆನಪಿತ್ತು. ತಿಂಗಳಿಗೊಂದು ಸಲವಾದರೂ ಆ ಧ್ವನಿ ಬರುತ್ತಿತ್ತು. "ಲೈನ್ ಸ್ಲೋ ಇದ್ರೆ ಅದು ನಮ್ಮ ಕೈಯಲ್ಲಿಲ್ಲಮ್ಮ, ಟೆಲಿಫೋನ್‌ನವ್ರಿಗೆ ಹೇಳ್ಬೇಕು" ಎಂದು ಪ್ರತಿ ಸಲವೂ ಒಂದೇ ಉತ್ತರ ಕೊಟ್ಟು ಇಟ್ಟುಬಿಡುತ್ತಿದ್ದಳು.

ವನಜಮ್ಮ ಹೋದ ಮೇಲೆ ಅವಳು ಆ ಮಾತನ್ನೇ ಮತ್ತೆ ಹೇಳಿಕೊಂಡಳು. ಲೈನ್ ಸ್ಲೋ. ಯಾವ ಲೈನು?

ಕಂಪನಿಗೆ ಲಾಗಿನ್ ಸರ್ವರುಗಳು ಮೂರು. ಒಂದು ಮಡಿಕೇರಿಯಲ್ಲಿ, ಒಂದು ಪಾಲಿಬೆಟ್ಟದಲ್ಲಿ, ಒಂದು ಕೊಡ್ಲಿಪೇಟೆಯಲ್ಲಿ. ಸುಲಭವಾಗಲಿ ಎಂದು ಅವುಗಳಿಗೆ ಊರಿನ ಹೆಸರನ್ನೇ ಇಟ್ಟವಳೂ ರಂಜಿತಾ. ಬೆಳಿಗ್ಗೆ ಕಣ್ಣುಬಿಟ್ಟ ಕಂಪ್ಯೂಟರಿಗೆ ತಾನು ಯಾವ ಊರಿನಲ್ಲಿದ್ದೇನೆ ಎಂಬುದು ಗೊತ್ತಿರುವುದಿಲ್ಲ. ನನ್ನನ್ನು ಒಳಗೆ ಬಿಡುವವರು ಯಾರಿದ್ದೀರಿ ಎಂದು ಅದು ಎಲ್ಲರನ್ನೂ ಕೇಳುತ್ತದೆ. ಯಾವುದೋ ಒಂದು ಸರ್ವರ್ ಓಗೊಟ್ಟು, ಕೇಳಿದ ಕಂಪ್ಯೂಟರಿನ ನಂಬರನ್ನು ತನ್ನ ಪಟ್ಟಿಯಲ್ಲಿ ಹುಡುಕಿ, ನೀನು ಪಾಲಿಬೆಟ್ಟದವನು, ಅಲ್ಲಿಗೆ ಹೋಗು ಎಂದು ಕಳಿಸುತ್ತದೆ. ಯಾವ ನಂಬರು ಯಾವ ಸೈಟಿಗೆ ಸೇರಿದ್ದು ಎಂಬ ಆ ಪಟ್ಟಿಯನ್ನು ಮನುಷ್ಯರೇ ಬರೆದಿಡಬೇಕು. ಸೈಟ್ ಎಂಬ ಮಾತನ್ನು ಅವಳ ಸ್ಕ್ರೀನಿನ ಮೇಲೆ ಕಂಡಾಗಲೆಲ್ಲ ಅಕೌಂಟ್ಸಿನವರು, "ನಮಗೂ ಒಂದು ಥರ್ಟಿ ಫಾರ್ಟಿ ಕೊಡ್ಸಿ ಮೇಡಂ" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಪಟ್ಟಿಯಲ್ಲಿ ಇಲ್ಲದ ನಂಬರು ಬಂದರೆ? ಯಾವ ಸರ್ವರೂ ನೀನು ನಮ್ಮವನಲ್ಲ ಎಂದು ಓಡಿಸುವುದಿಲ್ಲ. ಮೊದಲು ಓಗೊಟ್ಟವನೇ ಒಳಗೆ ಬಿಟ್ಟುಕೊಳ್ಳುತ್ತಾನೆ. ಮಡಿಕೇರಿಯ ಸರ್ವರಿಗೆ ಬೆಳಿಗ್ಗೆ ಉಸಿರಾಡಲು ಪುರಸೊತ್ತಿಲ್ಲ. ಪಾಲಿಬೆಟ್ಟದ್ದಕ್ಕೆ ಎಸ್ಟೇಟಿನ ಕೆಲಸದ ಜೊತೆ ಬಿಟ್ಟಂಗಾಲ ಎಸ್ಟೇಟಿನ ಕಂಪ್ಯೂಟರುಗಳೂ ಗಂಟುಬಿದ್ದಿವೆ. ಕೊಡ್ಲಿಪೇಟೆ ಡಿಪೋದ್ದು ಸೊಳ್ಳೆ ಹೊಡೆಯುತ್ತ ಕೂತಿರುತ್ತದೆ. ಓಗೊಡುವವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಅವಳು ಪಟ್ಟಿ ತೆರೆದಳು. ಪಾಲಿಬೆಟ್ಟ ಆಫೀಸು ಇತ್ತು, ಗೋಡೌನ್ ಇತ್ತು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಯಾರ್ಡ್ ಇತ್ತು. ಡಿಸ್ಪೆನ್ಸರಿಯ ನಂಬರು ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ಪಟ್ಟಿ ಮಾಡುವಾಗ ಅವಳು ಎಲ್ಲ ಎಸ್ಟೇಟಿನ ರೈಟರುಗಳಿಗೂ, ನಿಮ್ಮಲ್ಲಿ ಕಂಪ್ಯೂಟರ್ ಇರುವ ಜಾಗಗಳನ್ನೂ ಅಲ್ಲಿನ ನಂಬರುಗಳನ್ನೂ ಬರೆದು ಕಳಿಸಿ ಎಂದಿದ್ದಳು. ಉತ್ತಯ್ಯ ಕಳಿಸಿದ್ದ ಕಾಗದದ ಫೋಟೋ ಹಳೆಯ ಇಮೇಲಿನಲ್ಲಿ ಇನ್ನೂ ಇತ್ತು. ದುಂಡಗಿನ ಅಕ್ಷರ. ಆಫೀಸ್, ಗೋಡೌನ್, ಪಲ್ಪಿಂಗ್ ಯಾರ್ಡ್. ನಾಲ್ಕನೆಯದು, ಲೈನ್. ಪ್ರತಿಯೊಂದರ ಮುಂದೂ ನಂಬರು.

ನಾಲ್ಕನೆಯದಕ್ಕೆ ಅವಳು ಅಂದು ಅಡ್ಡಗೆರೆ ಎಳೆದಿದ್ದಳು. ಇಂಟರ್ನೆಟ್ ಲೈನಿನ ನಂಬರನ್ನೂ ಸೇರಿಸಿ ಬರೆದಿದ್ದಾರೆ ಪಾಪ, ಇವರಿಗೆ ಏನೂ ತಿಳಿಯುವುದಿಲ್ಲ ಎಂದುಕೊಂಡಿದ್ದಳು.

ಲೈನ್ ಎಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲವೇ? ಕುಶಾಲನಗರದ ಆಚೆ, ಹಾಸನದ ಕಡೆಯಿಂದ ಬಂದು ಶುಂಠಿ ಜೋಳ ಬೆಳೆದು ನೆಲೆನಿಂತವರ ಮನೆಯ ಹುಡುಗಿ. ಅವರ ಕಡೆ ಎಸ್ಟೇಟುಗಳಿಲ್ಲ ನಿಜ. ಆದರೆ ಕೊಡಗಿನಲ್ಲಿ ಹುಟ್ಟಿದ ಯಾರಿಗೆ ತಾನೆ ಲೈನ್ ಗೊತ್ತಿಲ್ಲ? ಕೂಲಿಯವರ ಮನೆಗಳ ಸಾಲು. ಒಂದೇ ಸೂರು, ಒಂದೇ ಉದ್ದನೆಯ ಜಗಲಿ, ಹತ್ತು ಬಾಗಿಲು. ಎಸ್ಟೇಟಿನಲ್ಲಿ ಲೈನಿಗೆ ಹೋದ ಎಂದರೆ ಮನೆಗೆ ಹೋದ ಎಂದರ್ಥ. ಡಿಸ್ಪೆನ್ಸರಿ ಇದ್ದದ್ದು ಲೈನಿನ ಪಕ್ಕದಲ್ಲಿ. ಉತ್ತಯ್ಯನ ಪಾಲಿಗೆ ಅದು ಲೈನಿನ ಕಂಪ್ಯೂಟರ್. ಅವಳು ಅಂದು ತಂತಿಗಳ ಗುಂಗಿನಲ್ಲಿದ್ದಳು. ಅಲ್ಲಿ ಮನುಷ್ಯರು ವಾಸವಾಗಿರಬಹುದು ಎಂದು ಹೊಳೆಯಲಿಲ್ಲ. ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ.

ತಕ್ಷಣ ಎದ್ದು ಸಾಹೇಬರ ಕೋಣೆಗೆ ಹೋಗಬೇಕು ಎಂದುಕೊಂಡಳು. ಹೋಗಲಿಲ್ಲ. ಮಾರ್ಚಿಗೆ ಅವಳ ಕಾಂಟ್ರಾಕ್ಟ್ ಮುಗಿಯುತ್ತಿತ್ತು. ಈ ಸಲ ಪರ್ಮನೆಂಟ್ ಮಾಡುವ ಮಾತು ನಡೆದಿತ್ತು. ಒಂದು ಸಾವಿನ ಫೈಲಿನೊಳಗೆ ಹೋಗಿ, ಇಲ್ಲಿ ನನ್ನ ತಪ್ಪೂ ಇದೆ ಎಂದು ಬರೆಸಿಕೊಂಡು ಬರುವ ಧೈರ್ಯ ಯಾರಿಗಿರುತ್ತದೆ? ಅವಳಿಗಂತೂ ಇರಲಿಲ್ಲ. ಆ ಬೆಳಗಿನ ಪೂರ್ತಿ ದಾಖಲೆ ಸಿಕ್ಕರೆ ಲಾಗಿನ್ ಯಾವ ಕಂಪ್ಯೂಟರಿನಿಂದ ಆಯಿತೆಂದು ತೋರಿಸಿಬಿಡಬಹುದು, ತನ್ನ ಮಾತೇ ಎತ್ತಬೇಕಾಗಿಲ್ಲ ಎಂದು ಆಸೆಯಿಂದ ಹುಡುಕಿದಳು. ಆ ದಾಖಲೆ ಹತ್ತು ದಿನ ಹಳೆಯದಾದದ್ದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತಿತ್ತು. ಹದಿಮೂರನೇ ತಾರೀಕು ನಿನ್ನೆಯಷ್ಟೇ ಅಳಿಸಿಹೋಗಿತ್ತು; ಆಮೇಲೆ ಡಿಸ್ಪೆನ್ಸರಿಯ ಕಂಪ್ಯೂಟರನ್ನು ಯಾರೂ ಹಾಕಿರಲಿಲ್ಲ.

ಆಮೇಲೆ ಅವಳು ಮಾಡಿದ್ದು ಈ ಕೆಲಸದವರೆಲ್ಲ ಮಾಡುವುದನ್ನೇ. ತಪ್ಪು ಕಂಡರೆ ಇವರ ಕೈ ಸುಮ್ಮನಿರುವುದಿಲ್ಲ. ಬಿಟ್ಟುಹೋಗಿದ್ದ ನಂಬರನ್ನು ಪಟ್ಟಿಗೆ ಸೇರಿಸಿ, ಪಾಲಿಬೆಟ್ಟ ಎಂದು ಗುರುತು ಹಾಕಿ, ಮುಚ್ಚಿದಳು. ವಿಚಾರಣೆಯಲ್ಲಿ, ಒಂದೊಂದು ಸಲ ಹೀಗೂ ಆಗುವುದುಂಟು ಎಂದು ಹೇಳಿದರಾಯಿತು, ವನಜಮ್ಮ ಪಾರಾಗುತ್ತಾರೆ, ತನ್ನ ಹೆಸರು ಬರುವುದಿಲ್ಲ ಎಂದು ಸಮಾಧಾನ ಹೇಳಿಕೊಂಡಳು. ಸಂಜೆ ಕುಶಾಲನಗರದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದವಳಿಗೆ ತನ್ನ ಸ್ಟಾಪು ದಾಟಿದ್ದೂ ತಿಳಿಯಲಿಲ್ಲ.

ವಿಚಾರಣೆ ಇಪ್ಪತ್ತೆಂಟರಂದು ಪಾಲಿಬೆಟ್ಟದ ಎಸ್ಟೇಟ್ ಆಫೀಸಿನಲ್ಲಿ. ಕಣದ ತುಂಬ ಕಾಫಿ ಹರವಿದ್ದರು. ಪಲ್ಪಿಂಗಿನ ಹುಳಿ ವಾಸನೆ ಆಫೀಸಿನ ಒಳಗೂ ತುಂಬಿತ್ತು. ವಿಚಾರಣೆಗೆ ಕಂಪನಿ ಗೊತ್ತುಮಾಡಿದ್ದವರು ತಿರುಮಲೇಶ್ವರ ಎಂಬ ನಿವೃತ್ತ ಸರ್ಕಾರಿ ಅಧಿಕಾರಿ. ಮಡಿಕೇರಿಯವರು, ಬಿಸಿನೀರಿನ ಫ್ಲಾಸ್ಕನ್ನು ಸ್ವಂತದ್ದೇ ತಂದುಕೊಂಡು ಯಾರ ಕಾಫಿಯನ್ನೂ ಮುಟ್ಟದೆ ಕೆಲಸ ಮುಗಿಸಿ ಹೋಗುವ ಸ್ವಭಾವದವರು. ಅವರ ಎಡಕ್ಕೆ ಕುಶಾಲಪ್ಪ, ಬಲಕ್ಕೆ ಉತ್ತಯ್ಯ. ಎದುರಿಗೆ ಒಂದು ಬೆಂಚಿನ ಈ ತುದಿಗೆ ವನಜಮ್ಮ, ಆ ತುದಿಗೆ ಬೊಳ್ಳಿ. ಯಾವ ಕಾಗದದಲ್ಲೂ ಬೊಳ್ಳಿಯ ಹೆಸರು ಇರಲಿಲ್ಲ. ಮೃತನ ಪತ್ನಿ ಎಂದು ಬರೆದಿದ್ದರು. ಅವಳು ವನಜಮ್ಮನ ಕಡೆಗೆ ಒಂದು ಸಲವೂ ತಿರುಗಲಿಲ್ಲ.

"ತಾವು ಕೊಟ್ಟ ವರದಿಯಲ್ಲಿ ಕೊಡ್ಲಿಪೇಟೆ ಎಂದಿದೆ," ಎಂದರು ತಿರುಮಲೇಶ್ವರ, ಹೇಳಿಕೆಗೆ ಕರೆಸಿದ್ದ ರಂಜಿತಾಳಿಗೆ. "ಇದರ ಅರ್ಥ ವ್ಯಕ್ತಿ ಕೊಡ್ಲಿಪೇಟೆಯಲ್ಲಿದ್ದರು ಎಂದೇ?"

"ಹಾಗೇನಿಲ್ಲ ಸರ್. ಅದು ಒಳಗೆ ಬಿಟ್ಟ ಸರ್ವರ್ ಹೆಸರು. ಪಾಲಿಬೆಟ್ಟದ ಕಂಪ್ಯೂಟರು ಒಂದೊಂದ್ ಸಲ ಕೊಡ್ಲಿಪೇಟೆ ಸರ್ವರ್‌ನ ಹಿಡ್ಕೊಳ್ಳೋದು ಉಂಟು."

"ಒಂದೊಂದ್ ಸಲ?" ಕುಶಾಲಪ್ಪ ನಕ್ಕರು. "ಈ ಆಫೀಸಲ್ಲಿ ಹನ್ನೊಂದು ಸಿಸ್ಟಮ್ ಉಂಟು ಸರ್. ನಾನು ಆ ದಿನದ ರಿಪೋರ್ಟ್ ಎಲ್ಲರದ್ದೂ ನೋಡಿದ್ದೇನೆ. ಎಲ್ಲ ಪಾಲಿಬೆಟ್ಟ. ಇವರದ್ದು ಮಾತ್ರ ಕೊಡ್ಲಿಪೇಟೆ ಹೇಗೆ?"

ತಿರುಮಲೇಶ್ವರ ಕನ್ನಡಕ ತೆಗೆದರು. "ವಾದ ಬೇಡ. ಆ ಯಂತ್ರ ಇಲ್ಲೇ ಇದೆಯಲ್ಲ, ಹೋಗಿ ನೋಡೋಣ."

ಈ ಮಾತು ಬರಬಹುದೆಂದು ರಂಜಿತಾ ಯೋಚಿಸಿರಲೇ ಇಲ್ಲ.

ಎಲ್ಲರೂ ನಡೆದುಕೊಂಡೇ ಹೋದರು. ಡಿಸ್ಪೆನ್ಸರಿಯ ಕೋಣೆಯಲ್ಲಿ ಒಂದು ಮೇಜು, ಔಷಧಿಯ ಬೀರು, ರೋಗಿಗೆ ಒಂದು ಕಬ್ಬಿಣದ ಮಂಚ. ವನಜಮ್ಮ ಹದಿನೈದು ದಿನದ ಮೇಲೆ ತಮ್ಮ ಕುರ್ಚಿಯಲ್ಲಿ ಕುಳಿತು ಕಂಪ್ಯೂಟರ್ ಹಾಕಿದರು, ಒಂದೇ ಬೆರಳಿನಲ್ಲಿ ಪಾಸ್‌ವರ್ಡ್ ಒತ್ತಿದರು. ಮುಖದ ಮೇಲೆ ಆಸೆ ಎದ್ದು ಕಾಣುತ್ತಿತ್ತು. ಸ್ಕ್ರೀನು ಒಂದು ನಿಮಿಷವೂ ಆಗುವ ಮೊದಲೇ ತೆರೆದುಕೊಂಡಿತು. ವನಜಮ್ಮ ಬೆಚ್ಚಿದವರಂತೆ ಕೈ ಹಿಂದಕ್ಕೆ ತೆಗೆದರು.

ರಂಜಿತಾ ಬಗ್ಗಿ ಒಂದು ಸಾಲು ಟೈಪ್ ಮಾಡಿದಳು. ಲಾಗಿನ್ ಸರ್ವರ್: ಪಾಲಿಬೆಟ್ಟ.

"ಇನ್ನೊಮ್ಮೆ," ಎಂದರು ತಿರುಮಲೇಶ್ವರ. ಪಾಲಿಬೆಟ್ಟ. ಮತ್ತೊಮ್ಮೆ. ಮತ್ತೂ ಪಾಲಿಬೆಟ್ಟ.

"ಸಾಕಲ್ಲ ಸರ್?" ಎಂದರು ಕುಶಾಲಪ್ಪ. ಗೆದ್ದವರ ಧ್ವನಿಯೇನೂ ಅಲ್ಲ. ಅವರಿಗೂ ಇದೊಂದು ಬೇಗ ಮುಗಿದರೆ ಸಾಕಾಗಿತ್ತು. ತಿರುಮಲೇಶ್ವರ ಬರೆದುಕೊಳ್ಳತೊಡಗಿದರು. ಬೊಳ್ಳಿ ಬಾಗಿಲ ಬಳಿ ನಿಂತು, "ನಾನು ಹೇಳಲಿಲ್ವಾ," ಎಂದಳು, ಯಾರಿಗೂ ಅಲ್ಲದಂತೆ.

ವನಜಮ್ಮ ರಂಜಿತಾಳನ್ನು ನೋಡಿದರು. ಅದರಲ್ಲಿ ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ. ಸಿಟ್ಟಿರಲಿಲ್ಲ. ತಾನೇ ಏನಾದರೂ ತಪ್ಪಾಗಿ ನೆನಪಿಟ್ಟುಕೊಂಡಿದ್ದೇನೆಯೇ, ನಿಜವಾಗಿ ಅಂದು ಕೊಡ್ಲಿಪೇಟೆಯಲ್ಲೇ ಇದ್ದೆನೇ ಎಂದು ಆ ಹೆಂಗಸು ತನ್ನನ್ನು ತಾನೇ ಅನುಮಾನಿಸುತ್ತಿದ್ದಳು. ರಂಜಿತಾಳಿಗೆ ಅಲ್ಲೇ ಸತ್ತುಹೋಗಬೇಕು ಅನ್ನಿಸಿತು.

"ಸರ್, ಬರೀಬೇಡಿ," ಎಂದಳು. "ಶುಕ್ರವಾರ ನಾನು ಇದನ್ನ ಸರಿ ಮಾಡಿದೆ. ಅದಕ್ಕೇ ಈಗ ಸರಿಯಾಗಿ ಬರ್ತಿದೆ."

"ಏನನ್ನು ಸರಿ ಮಾಡಿದಿರಿ?"

ಹೇಳಿದಳು. ಪಟ್ಟಿಯ ವಿಷಯ, ಉತ್ತಯ್ಯನ ಕಾಗದ, ಲೈನ್ ಎಂಬ ಮಾತಿಗೆ ತಾನು ಎಳೆದ ಗೆರೆ. "ಅಯ್ಯೋ, ಲೈನ್ ಅಂತ ಹೇಳಿದರೆ ಲೈನೇ ಅಲ್ವಾ ಮೇಡಂ," ಎಂದರು ಉತ್ತಯ್ಯ. "ಅದಲ್ಲದೆ ಬೇರೆ ಲೈನ್ ಯಾವುದು ಉಂಟು ಇಲ್ಲಿ?"

ಕುಶಾಲಪ್ಪ ಒಪ್ಪಲಿಲ್ಲ. "ಇದು ಆಮೇಲೆ ಕಟ್ಟಿದ ಕತೆ ಸರ್. ಹೆಂಗಸರು ಹೆಂಗಸರು ಸೇರಿದ್ದಾರೆ."

"ಸೇರಿಸಿದ ತಾರೀಕು ಪಟ್ಟಿಯಲ್ಲೇ ಇರುತ್ತೆ ಸರ್. ನಾನು ತಿದ್ದಕ್ಕಾಗಲ್ಲ." ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಜನವರಿ ಇಪ್ಪತ್ತನಾಲ್ಕು, ಮಧ್ಯಾಹ್ನ ಮೂರು ಹದಿನೆಂಟು.

ತಿರುಮಲೇಶ್ವರ ತಾರೀಕನ್ನೂ ವೇಳೆಯನ್ನೂ ಬರೆದುಕೊಂಡರು. "ಹಾಗಾದರೆ ಅದನ್ನು ತೆಗೆಯಿರಿ. ಹದಿಮೂರನೆಯ ತಾರೀಕು ಹೇಗಿತ್ತೋ ಹಾಗೆ ಮಾಡಿ. ನೋಡೋಣ."

ಅವಳು ಮೂರೂ ಸರ್ವರುಗಳ ಪಟ್ಟಿಯಿಂದ ಆ ನಂಬರನ್ನು ತೆಗೆದಳು. ಕಂಪ್ಯೂಟರನ್ನು ಆರಿಸಿ ಹಾಕಿದರು. ವನಜಮ್ಮ ಪಾಸ್‌ವರ್ಡ್ ಒತ್ತಿದರು. ಸ್ಕ್ರೀನಿನ ಮೇಲೆ ಬಿಳಿ ಚುಕ್ಕಿಗಳು ಸುತ್ತತೊಡಗಿದವು. ದಯವಿಟ್ಟು ಕಾಯಿರಿ.

ಯಾವುದು ಓಗೊಡುತ್ತದೋ ರಂಜಿತಾಳಿಗೂ ಗೊತ್ತಿರಲಿಲ್ಲ. ಮಡಿಕೇರಿ ಎಂದುಬಿಟ್ಟರೆ ಮುಗಿಯಿತು. ಐದು ನಿಮಿಷವಾಯಿತು. ಕುಶಾಲಪ್ಪ ವಾಚು ನೋಡಿಕೊಂಡರು. ಹತ್ತಾಯಿತು. ಕೊಡ್ಲಿಪೇಟೆಯ ತೆಳ್ಳನೆಯ ತಂತಿಯ ಮೇಲೆ, ಮಡಿಕೇರಿಯನ್ನು ಹಾದು, ಈ ಕಂಪ್ಯೂಟರಿಗೆ ಬೇಕಾದ ನಿಯಮಗಳು, ಫೈಲುಗಳು ಒಂದೊಂದಾಗಿ ತೆವಳಿಕೊಂಡು ಬರಬೇಕು. ಹೊರಗೆ ಯಾರದೋ ಕೋಳಿ ಕೂಗಿತು. ಮೊದಮೊದಲು ಎಲ್ಲರೂ ಸ್ಕ್ರೀನನ್ನೇ ನೋಡುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು. ಬೊಳ್ಳಿ ಮಾತ್ರ ಕಣ್ಣು ತೆಗೆಯಲಿಲ್ಲ. ಇಪ್ಪತ್ತು ನಿಮಿಷವಾದರೂ ಚುಕ್ಕಿಗಳು ಸುತ್ತುತ್ತಲೇ ಇದ್ದವು.

ಇಪ್ಪತ್ತಾರನೇ ನಿಮಿಷಕ್ಕೆ ತೆರೆಯಿತು. ರಂಜಿತಾ ಆ ಸಾಲನ್ನು ಟೈಪ್ ಮಾಡಿದಳು. ಲಾಗಿನ್ ಸರ್ವರ್: ಕೊಡ್ಲಿಪೇಟೆ.

ವನಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟರು. ತಿರುಮಲೇಶ್ವರ ಆಕೆಯ ಅಳು ನಿಲ್ಲುವವರೆಗೂ ಕಾದು, ತಾವು ಬರೆದಿದ್ದ ಹಾಳೆಗೆ ಅಡ್ಡಗೆರೆ ಎಳೆದರು. "ಆ ದಿನ ನೀವು ಇಲ್ಲೇ ಇದ್ದಿರಿ. ಅದನ್ನು ಬರೆಯುತ್ತೇನೆ," ಎಂದರು. ಅಷ್ಟಕ್ಕೇ ಎದ್ದಿದ್ದರೆ ಚೆನ್ನಾಗಿತ್ತು. ಸರ್ಕಾರಿ ಕೆಲಸದಲ್ಲಿ ಪಳಗಿದ ಮನುಷ್ಯ, ಉಳಿದ ಪ್ರಶ್ನೆಯನ್ನು ಬಿಟ್ಟು ಏಳುವುದಿಲ್ಲ.

"ದಿನಾ ಇಷ್ಟು ಹೊತ್ತು ಹಿಡಿಯುತ್ತಿತ್ತೇ?"

"ದಿನಾ ಸಾರ್. ನಾಕು ವರ್ಷದಿಂದ." ವನಜಮ್ಮ ಮೂಗು ಒರೆಸಿಕೊಂಡರು. "ಕಂಪ್ಯೂಟ್ರಲ್ ಎಂಟ್ರಿ ಆಗ್ದೆ ಒಂದ್ ಮಾತ್ರೇನೂ ಕೊಡಂಗಿಲ್ಲ ಅಂತ ಕಂಪನಿ ರೂಲ್ಸು. ಅರ್ಧ ಗಂಟೆ ಸುಮ್ನೆ ಕೂತು ಏನ್ ಮಾಡ್ಲಿ? ಪಾಸ್‌ವರ್ಡ್ ಒತ್ತಿ, ಬಾಗ್ಲಿಗೆ ಬೀಗ ಹಾಕಿ, ಅದು ತೆಗ್ಯೋವಷ್ಟ್ರಲ್ಲಿ ಲೈನೆಲ್ಲ ಒಂದ್ ಸುತ್ತು ಹೋಗ್ಬರ್ತಿದ್ದೆ. ಮುದುಕ್ರು, ಬಾಣಂತೀರು, ಇವ್ರನ್ನೆಲ್ಲ ನೋಡ್ಕೊಂಡು." ಹೇಳುತ್ತ ಹೇಳುತ್ತ ಅವರ ಮಾತು ನಿಧಾನವಾಯಿತು. ಸ್ವಲ್ಪ ಮೊದಲು ಮೂರು ಸಲವೂ ನಿಮಿಷದೊಳಗೆ ತೆರೆದಿದ್ದ ಸ್ಕ್ರೀನನ್ನು ನೋಡಿದರು. "ಮೊದ್ಲೇ ಹಿಂಗ್ ಬೇಗ ಬರ್ತಿದ್ದಿದ್ರೆ ನಾನು ಈ ಕುರ್ಚಿ ಬಿಟ್ಟು ಏಳ್ತಾನೇ ಇರ್ಲಿಲ್ಲ, ಸಾರ್."

ತನ್ನ ಗೆರೆ ಒಬ್ಬ ನರ್ಸಿನ ಕೆಲಸದ ಮೇಲೆ ಬಿದ್ದಿತ್ತು ಎಂದು ರಂಜಿತಾ ಇಲ್ಲಿಯವರೆಗೆ ತಿಳಿದಿದ್ದಳು. ಅದು ಬೊಳ್ಳಿ ಬಡಿದ ಆ ಬಾಗಿಲಿನವರೆಗೂ ಹೋಗಿ ಮುಟ್ಟಿತ್ತು ಎಂಬುದು ಈಗ ಗೊತ್ತಾಯಿತು.

ಬೊಳ್ಳಿ ಬಾಗಿಲಿನಿಂದ ಒಳಗೆ ಬಂದಳು. ವನಜಮ್ಮನ ಪಕ್ಕ ಹಾದು, ರಂಜಿತಾಳ ಮುಂದೆ ನಿಂತಳು. ಬೆರ್ರಿಯ ರಸ ಹಿಡಿದು ಅವಳ ಬೆರಳುಗಳೆಲ್ಲ ಕಪ್ಪಾಗಿದ್ದವು.

"ಹಾಗಾದ್ರೆ ನರ್ಸಮ್ಮ ಲೈನಲ್ಲೇ ಇದ್ರು."

"ಹೌದು."

"ನಾನು ಕೂಗಿದ್ದು ಅವರಿಗೆ ಕೇಳ್ಲಿಲ್ಲ."

"ಆರನೇ ಲೈನು ಆ ಕಡೇಲಿ ಕಣೇ," ಎಂದರು ವನಜಮ್ಮ ಹಿಂದಿನಿಂದ, ಕ್ಷೀಣವಾಗಿ. ಬೊಳ್ಳಿ ತಿರುಗಲಿಲ್ಲ.

"ಅಕ್ಕ, ನೀವು ಇದನ್ನ ಸರಿ ಮಾಡಿದೆ ಅಂತ ಹೇಳಿದ್ರಲ್ಲ ಶುಕ್ರವಾರ," ಎಂದಳು. "ಎಷ್ಟು ಹೊತ್ತು ಹಿಡೀತು?"

ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ನಾಲ್ಕು ವರ್ಷ ಯಾರ ಕೈಗೂ ಬಾರದ ಕೆಲಸವೆಂದರೆ ಅದು ದೊಡ್ಡದೇ ಇರಬೇಕು, ದಿನಗಟ್ಟಲೆ ಹಿಡಿಯುವ ಕೆಲಸವೇ ಇರಬೇಕು ಎಂದು ಅವಳು ನಂಬಿದ್ದಳು. ಹಾಗೆಂದು ಒಂದು ಮಾತು ಹೇಳಿದರೆ ಅವಳು ತಲೆಯಾಡಿಸಿ ಹೋಗುತ್ತಾಳೆ, ಆ ಕೋಣೆಯಲ್ಲಿ ಯಾರಿಗೂ ಅದು ಸುಳ್ಳೆಂದು ತಿಳಿಯುವುದಿಲ್ಲ ಎಂಬುದೂ ರಂಜಿತಾಳಿಗೆ ಗೊತ್ತಿತ್ತು.

"ಅರ್ಧ ನಿಮಿಷ," ಎಂದಳು.

ಬೊಳ್ಳಿ ಅವಳ ಮುಖವನ್ನೇ ನೋಡುತ್ತ ನಿಂತಳು, ಇನ್ನೂ ಏನೋ ಹೇಳುವುದಿದೆ ಎಂದು ಕಾಯುವವಳ ಹಾಗೆ.